ರೊಟ್ಟಿ ಹಿಟ್ಟಿಗೆ ಬಿದ್ದ ಸ್ಪ್ರಿಂಗ್

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕುಳಿತಿದ್ದೆ. ಪಡಸಾಲೆಯಲ್ಲಿ ‘ಠಣ್’ ಎಂದು ಸದ್ದಾಯಿತು. ಮರುಕ್ಷಣ ಗೇಣುದ್ದದ, ಗ್ರೀಸು ಮೆತ್ತಿದ ಸ್ಪ್ರಿಂಗೊಂದು ಬಾಗಿಲಿನಿಂದ ಹಾರಿ ಬಂದು ನನ್ನ ಹಿಟ್ಟಿನ ಪರಾತಕ್ಕೆ ಬಿತ್ತು. ಜೋಳದ ಹಿಟ್ಟು ಎದ್ದು ಮುಖ, ತಲೆ, ಕನ್ನಡಕ ಎಲ್ಲ ಬೆಳ್ಳಗಾದವು.

ಅದು ಏರ್ ರೈಫಲಿನ ಸ್ಪ್ರಿಂಗ್. (ಗಾಬರಿಯಾಗಬೇಡಿ, ಬಲೂನು ಹೊಡೆಯುವ ಅಂಗಡಿಗಳಲ್ಲಿ ಇರುತ್ತದಲ್ಲ, ಅಂಥದ್ದೇ.) ಅದನ್ನು ಬಿಚ್ಚಿದವರು ನಮ್ಮ ಮನೆಯವರು.

ನಮ್ಮವರು ಲೈನ್‌ಮನ್. ಕುಂದಗೋಳದ ಸುತ್ತಲಿನ ಊರುಗಳಲ್ಲಿ ಅವರು ಹತ್ತದ ಕಂಬವಿಲ್ಲ. ನಾಲ್ಕು ತಿಂಗಳ ಹಿಂದೆ ಕುಬಿಹಾಳದ ಹತ್ತಿರ ಅಂಥದ್ದೊಂದು ಕಂಬದಿಂದಲೇ ಬಿದ್ದರು. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು. ಮೂಳೆ ಕೂಡಿತು. ದಿನಾ ಕೋಲು ಹಿಡಿದು ಓಡಾಡಿ ಎಂದರು ಡಾಕ್ಟರು.

ಇವರು ಓಡಾಡಲಿಲ್ಲ. “ಕೋಲ್ ಹಿಡಕೊಂಡು ಹೊಂಟ್ರ ಮಂದಿ ಏನಂತಾರ?” ಎಂದು ಪಡಸಾಲೆಯ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ. ಬಚ್ಚಲಿಗೆ ಹೋಗುವುದಾದರೂ ನನ್ನ ಹೆಗಲೇ ಬೇಕು. ಮಾತೂ ಕಡಿಮೆಯಾಯಿತು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದಾಗ ಬೆಳಿಗ್ಗೆ ಹೇಗೆ ಕುಳಿತಿದ್ದರೋ ಹಾಗೇ ಕುಳಿತಿರುತ್ತಿದ್ದರು. ನಿಜ ಹೇಳುತ್ತೇನೆ, ನನಗೆ ಭಯವಾಗುತ್ತಿತ್ತು.

ಅದನ್ನು ನೋಡಿ ನನ್ನ ತಮ್ಮ ತನ್ನ ಹಳೆಯ ಏರ್ ರೈಫಲ್ ತಂದುಕೊಟ್ಟ. ಪಡಸಾಲೆಯಿಂದ ಹಿತ್ತಲ ಗೋಡೆಗೆ ಟೇಪು ಹಿಡಿದರೆ ಸರಿಯಾಗಿ ಹತ್ತು ಮೀಟರ್. ರಟ್ಟಿನ ಪೆಟ್ಟಿಗೆಗೆ ಹಳೆಯ ಪೇಪರು ತುಂಬಿ ಗೋಡೆಗೆ ಒರಗಿಸಿದೆವು. ಇವರು ಕುರ್ಚಿಯಲ್ಲೇ ಕುಳಿತು ಗುರಿ ಹಿಡಿಯತೊಡಗಿದರು. ಗುರಿ ಅಂದರೆ ಏನೆಂದು ಕೇಳಬೇಡಿ. ಪೆಟ್ಟಿಗೆಯ ಬಾಜೂಕೆ ಒಣಹಾಕಿದ್ದ ನನ್ನ ಸೀರೆಗೆ ಒಂದೇ ಏಟಿಗೆ ನಾಲ್ಕು ತೂತು. (ಸೀರೆ ನಾಲ್ಕು ಪದರ ಮಡಚಿತ್ತು.) ಆಮೇಲೆ ಬಕೆಟ್ಟು. ಆಮೇಲೆ ತುಳಸಿ ಕುಂಡ. ನಾನು ಬಟ್ಟೆಯನ್ನು ಮಾಳಿಗೆಯ ಮೇಲೆ ಒಣಹಾಕತೊಡಗಿದೆ.

ಎರಡು ವಾರಕ್ಕೆ ರೈಫಲಿನ ಶಕ್ತಿ ಉಡುಗಿತು. ‘ಫುಸ್’ ಎಂದು ಗುಂಡು ಅರ್ಧ ದಾರಿಯಲ್ಲೇ ಬೀಳುತ್ತಿತ್ತು. ಇವರು ಮೊಬೈಲಿನಲ್ಲಿ ವಿಡಿಯೋ ನೋಡಿ, ಒಳಗೆ ಗಾಳಿ ತಡೆಯುವ ಚರ್ಮದ ವಾಸರ್ ಸವೆದಿದೆ ಎಂದು ತೀರ್ಪು ಕೊಟ್ಟರು. ಬಿಚ್ಚುವಾಗ ಸ್ಪ್ರಿಂಗನ್ನು ಕ್ಲ್ಯಾಂಪಿನಲ್ಲಿ ಬಿಗಿ ಹಿಡಿಯಬೇಕು ಎಂದು ಅದೇ ವಿಡಿಯೋದಲ್ಲಿ ಹೇಳಿದ್ದರು. ನಾನು ನೆನಪಿಸಿದೆ.

“ಹನ್ನೊಂದು ಸಾವಿರ ವೋಲ್ಟಿನ ಲೈನ್ ಕಟ್ಟಿದಾವ ನಾ. ಇದೊಂದು ಸ್ಪ್ರಿಂಗ್ ಏನ್ ಲೆಕ್ಕ?”

ಆ ಲೆಕ್ಕ ನನ್ನ ಪರಾತಕ್ಕೆ ಬಂದು ಬಿತ್ತು.

ಹಿಟ್ಟು ಒರೆಸಿಕೊಳ್ಳುತ್ತ ನಾನು ಕಿರುಚಿದೆ: “ಕಣ್ಣಿಗೆ ಬಡದಿದ್ರ ಏನ್ ಮಾಡ್ತಿದ್ರಿ?”

“ಬಡೀತೇನ? ಎಲ್ಲೆ ಬಡೀತು? ಹೇಳ್ ಲಗೂನ!”

ದನಿ ತೀರಾ ಹತ್ತಿರದಿಂದ ಬಂತು. ಕನ್ನಡಕ ತೆಗೆದು ನೋಡಿದರೆ ಇವರು ನನ್ನೆದುರಿಗೆ ನಿಂತಿದ್ದಾರೆ. ಕೋಲಿಲ್ಲ. ಗೋಡೆ ಹಿಡಿದಿಲ್ಲ. ಮುಖ ಗಾಬರಿಯಿಂದ ಬಿಳಿಚಿದೆ. ಪಡಸಾಲೆಯಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆ. ನಾನು ಅವರ ಕಾಲು ನೋಡಿದೆ. ಆಗ ಅವರೂ ನೋಡಿಕೊಂಡರು. ಆಮೇಲೆ ನನ್ನ ಬಿಳಿ ಮುಖ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನಗಳಾಗಿದ್ದವು ಆ ನಗು ಕೇಳಿ! ಬೈಯಬೇಕೆಂದಿದ್ದೆ, ನಾನೂ ನಕ್ಕುಬಿಟ್ಟೆ.

ಮರುದಿನ ಸವೆದ ವಾಸರನ್ನು ನಾನೇ ಒಯ್ಯುತ್ತೇನೆ ಎಂದೆ. ಸ್ಟೇಷನ್ ರಸ್ತೆಯಲ್ಲಿ ಮೌಲಾಸಾಬ್ ಕಾಕಾನ ಸೈಕಲ್ ಅಂಗಡಿಯಿದೆ. ಗಾಳಿ ಪಂಪಿಗೆ ಕಾಕಾ ಅಂಥ ಚರ್ಮದ ವಾಸರ್ ಕತ್ತರಿಸಿ ಕೊಡುತ್ತಾರೆ.

“ನಿನಗ ಅಳತಿ ಹೇಳಾಕ ಬರೂದಿಲ್ಲ” ಎಂದರು ಇವರು. (ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ!) ವಾಸರನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕೋಲು ತೆಗೆದುಕೊಂಡು ಹೊರಟೇಬಿಟ್ಟರು. ನಾನು ಬಾಗಿಲಲ್ಲಿ ನಿಂತು ಅವರು ತಿರುವು ದಾಟುವವರೆಗೂ ನೋಡಿದೆ.

ಬೆವರುತ್ತ ಬರಿಗೈಯಲ್ಲಿ ವಾಪಸ್ ಬಂದರು. ಚರ್ಮ ಔಡಲ ಎಣ್ಣೆಯಲ್ಲಿ ನೆನೆಯಬೇಕಂತೆ, ನಾಳೆ ಬರಬೇಕಂತೆ. ಮರುದಿನ ಹೋದರು. ಇನ್ನೂ ಮೆತ್ತಗಾಗಿಲ್ಲವಂತೆ. ಅದರ ಮರುದಿನ ಅಂಚು ಕೆರೆಯುವುದು ಬಾಕಿಯಂತೆ. ಹೀಗೆ ಆರು ದಿನ. ಕಡೆಗೆ ನನಗೇ ಸಿಟ್ಟು ಬಂದು, ಶಾಲೆಯಿಂದ ಬರುವಾಗ ಅಂಗಡಿ ಹೊಕ್ಕೆ.

“ಏನ್ ಕಾಕಾ, ಒಂದ್ ವಾಸರ್‌ಗೆ ಆರ ದಿನಾ ಏನ್ರಿ? ಕಾಲ್ ಮುರದ ಮನಶ್ಯಾನ್ನ ಇಷ್ಟ್ ಅಡ್ಡಾಡಸ್ತೀರಲ್ಲ!”

ಕಾಕಾ ಡಬ್ಬಿಯ ಮುಚ್ಚಳ ತೆಗೆದರು. ಎಣ್ಣೆಯಲ್ಲಿ ಹೊಸ ವಾಸರ್ ಮುಳುಗಿತ್ತು. “ಇದು ಎರಡನೇ ದಿನಾನ ತಯಾರಾಗಿತ್ರಿ ಅಕ್ಕೋರ. ಮೊದಲನೇ ದಿನಾ ಅವರು ಬಂದಾಗ ಅಲ್ಲೆ ಕಂಬಾ ಹಿಡಕೊಂಡು ನಿಂತು, ದಮ್ ತಗೊಂಡು ಬಂದ್ರು. ನಿನ್ನೆ ಎಲ್ಲೂ ನಿಲ್ಲದ ಬಂದಾರ. ಅದಕ್ಕ ನಾ ‘ನಾಳೆ ಬರ್ರಿ’ ಅನಕೋತ ಹೊಂಟೀನಿ. ನೀವು ಬೈತೀರಂದ್ರ ಇವತ್ತ ಒಯ್ರಿ.”

ನಾನು ಡಬ್ಬಿಯ ಮುಚ್ಚಳ ಹಾಕಿದೆ. “ಇನ್ನೆರಡ ದಿನಾ ನೆನೀಲಿ ಬಿಡ್ರಿ ಕಾಕಾ” ಎಂದು ಹೇಳಿ ಮನೆಗೆ ಬಂದೆ. ದಾರಿಯುದ್ದಕ್ಕೂ ಕಣ್ಣು ಮಂಜಾಗಿದ್ದವು.

ನಾನೂ ಡಾಕ್ಟರೂ ತಿಂಗಳುಗಟ್ಟಲೆ ಹೇಳಿದ್ದು ಒಂದೇ ಮಾತು: ನಡೆಯಿರಿ. ಎಲ್ಲಿಗೆ ಎಂದು ಹೇಳಲು ನಮಗ್ಯಾರಿಗೂ ಹೊಳೆದಿರಲಿಲ್ಲ. ಮನೆಯಲ್ಲಿ ಒಬ್ಬರು ಕುಸಿದು ಕುಳಿತಾಗ ನಾವು ಉಪದೇಶ ಮಾಡುತ್ತೇವೆ, ಕೆಲಸ ಕಸಿದುಕೊಳ್ಳುತ್ತೇವೆ, ‘ನೀವು ಏಳಬ್ಯಾಡ್ರಿ’ ಎನ್ನುತ್ತೇವೆ. ಅದನ್ನೇ ಪ್ರೀತಿ ಎಂದುಕೊಳ್ಳುತ್ತೇವೆ, ಅಲ್ಲವೇ?

ವಾಸರ್ ಕೂಡಿಸುವ ದಿನ ಮರಗೆಲಸದ ಬಡಿಗೇರರಿಂದ ಕ್ಲ್ಯಾಂಪು ತಂದೆವು. ನಾನು ಸ್ಕೂಟಿಯ ಹೆಲ್ಮೆಟ್ ಹಾಕಿಕೊಂಡು ಹಿಡಿದೆ, ಇವರು ತಿರುಪು ಬಿಗಿದರು. ರೈಫಲ್ ಈಗ ಚೆನ್ನಾಗಿದೆ. ಗುರಿ ಮಾತ್ರ ಮೊದಲಿನಂತೆಯೇ ಇದೆ. ಇವರನ್ನು ಮುಂದಿನ ತಿಂಗಳಿನಿಂದ ಆಫೀಸಿನಲ್ಲಿ ಕುಳಿತು ಮಾಡುವ ಕೆಲಸಕ್ಕೆ ಕರೆದಿದ್ದಾರೆ.

ಇದನ್ನು ಬರೆಯುವಾಗ ಇವರು ಪಡಸಾಲೆಯಲ್ಲಿ ನನ್ನ ಮಿಕ್ಸರ್ ಜಾರು ಬಿಚ್ಚಿಟ್ಟುಕೊಂಡು ಕುಳಿತಿದ್ದಾರೆ. ವಾಸರ್ ಹೋಗಿದೆಯಂತೆ, ಕಾಕಾನ ಅಂಗಡಿಗೆ ಹೋಗಲೇಬೇಕಂತೆ. ಬೆಳಿಗ್ಗೆ ಅದರಲ್ಲೇ ಚಟ್ನಿ ರುಬ್ಬಿದ್ದೆನಲ್ಲ ಎಂದು ಹೇಳಲೋ, ಸುಮ್ಮನಿರಲೋ?