ಟ್ಯಾಂಕು ಹೂಳುವಾಗ ನಾನು ಅಳೆದ ಬಾವಿ

ಮಾರ್ಚ್ ನಾಲ್ಕು, ಬುಧವಾರ, ಬೆಳಿಗ್ಗೆ ಏಳು ನಲವತ್ತು. ಹೊನ್ನಾವರದ ಒಂದು ಪೆಟ್ರೋಲ್ ಬಂಕಿನ ಹಿಂಬದಿ, ಹಳೆಯ ಟ್ಯಾಂಕಿನ ಹೊಂಡಕ್ಕೆ ಪಂಪು ಇಳಿಸಿದರು. ನನ್ನ ಪುಸ್ತಕದ ಮೊದಲ ಸಾಲು ಇದು.

ನಾನು ಗುತ್ತಿಗೆದಾರರ ಕಡೆಯವಳು. ಡಿಪ್ಲೊಮಾ ಮುಗಿಸಿ ಎರಡನೇ ವರ್ಷ. ತುಕ್ಕು ಹಿಡಿದ ಟ್ಯಾಂಕು ತೆಗೆದು ಹೊಸದನ್ನು ಹೂಳುವಾಗ ಅಕ್ಕಪಕ್ಕದವರಿಗೆ ಆದಷ್ಟು ಕಡಿಮೆ ತೊಂದರೆಯಾಗುವಂತೆ ನೋಡುವುದು, ನೋಡಿದ್ದನ್ನು ಬರೆದಿಡುವುದು ನನ್ನ ಕೆಲಸ. ಸುತ್ತ ಹಸಿರು ಬಟ್ಟೆಯ ಮರೆ ಕಟ್ಟಿಸಿದೆ. ಧೂಳು ಏಳದಂತೆ ದಿನಕ್ಕೆ ಮೂರು ಸಲ ನೀರು ಹೊಡೆಸಿದೆ. ಹತ್ತಿರದ ಶಾಲೆಯಲ್ಲಿ ಪರೀಕ್ಷೆ ಇದ್ದಷ್ಟು ಹೊತ್ತು ಕಾಂಕ್ರೀಟು ಒಡೆಯುವ ಯಂತ್ರ ನಿಲ್ಲಿಸಿದೆ. ಅಂಥ ಬೆಳಗು ಒಟ್ಟು ಆರು. ಪೆಟ್ರೋಲ್ ವಾಸನೆಯ ಮಣ್ಣನ್ನು ತಾಡಪಾಲಿನ ಮೇಲೆ ಸುರಿಸಿ, ಮುಚ್ಚಿಸಿ, ಹನ್ನೊಂದು ಲೋಡು ಕಳಿಸಿದೆ. ಹೊಂಡದಿಂದ ಎತ್ತಿದ ನೀರು ನೇರ ಗಟಾರಕ್ಕೆ ಹೋಗುತ್ತಿರಲಿಲ್ಲ. ಮೂರು ತೊಟ್ಟಿ ದಾಟಿ, ಮೇಲಿನ ಎಣ್ಣೆಯ ಪೊರೆ ಕಳೆದುಕೊಂಡ ಮೇಲೆ ಹೋಗುತ್ತಿತ್ತು.

ಪಂಪು ಮಾತ್ರ ನಿಲ್ಲಿಸುವಂತಿರಲಿಲ್ಲ. ಅದು ಹೊಳೆಬದಿಯ ನೆಲ, ಏಳಡಿ ಅಗೆದರೆ ನೀರು. ನೀರು ತುಂಬಿದ ಹೊಂಡದಲ್ಲಿ ಖಾಲಿ ಟ್ಯಾಂಕು ದೋಣಿಯ ಹಾಗೆ ಮೇಲೆ ಬರುತ್ತದೆ.

ನನ್ನ ಹೆದರಿಕೆ ಇದ್ದದ್ದು ಕಂಪೌಂಡಿನ ಆಚೆಯ ಬಾವಿಯ ಬಗ್ಗೆ. ಆ ಮನೆಯ ಯಜಮಾನಿ ಅಂಗನವಾಡಿಯಲ್ಲಿ ಕಲಿಸಿ ನಿವೃತ್ತರಾದವರು, ಮಗಳು ಅಳಿಯನ ಜೊತೆ ಇದ್ದಾರೆ. ಕೇರಿಯವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಾರೆ. ಬೇಸಿಗೆ ಪೂರ್ತಿ ಸಿಹಿನೀರು ಕೊಡುವ ಬಾವಿ ಆ ಕೇರಿಯಲ್ಲಿ ಅದೊಂದೇ. ಏಪ್ರಿಲ್ ಬಂತೆಂದರೆ ಏಳು ಮನೆಯವರು ಅಲ್ಲಿಗೇ ಕೊಡಪಾನ ತರುತ್ತಾರೆ. ಬಾವಿಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇನೆಂದು ಮೊದಲೇ ಹೋಗಿ ಮಾತು ಕೊಟ್ಟಿದ್ದೆ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಟ್ಟೆಯಿಂದ ಟೇಪು ಇಳಿಸಿ ನೀರಿನ ಮಟ್ಟ ಅಳೆಯುತ್ತಿದ್ದೆ. ಆಮೇಲೆ ಒಂದು ಕೊಡ ಸೇದಿ ಮೂಸುತ್ತಿದ್ದೆ. ಪೆಟ್ರೋಲ್ ಸೇರಿರಬಹುದು, ಬಾಯಿಗೆ ಹಾಕಬಾರದು ಎಂಬುದು ನಾನೇ ಮಾಡಿಕೊಂಡ ನಿಯಮ. ಅಕ್ಕೋರ ಮನೆಗೆ ಕುಡಿಯಲು ಕ್ಯಾನ್ ನೀರು ಕೊಡಿಸಿದ್ದೆ. ಅಡುಗೆಗೂ ಅದನ್ನೇ ಬಳಸಿ ಎಂದರೆ ಅವರು ನಕ್ಕುಬಿಟ್ಟಿದ್ದರು.

ಪಂಪು ನೋಡಿಕೊಳ್ಳುವವರು ಕುಮಟೆಯ ಹತ್ತಿರ ಬಾಡದವರು. ನಾನು ಟೇಪು ಹಿಡಿದು ಹೊರಟಾಗಲೆಲ್ಲ, "ಎಂತ ಮೇಡಂ, ಬಾವಿಗೆ ಇವತ್ತು ಜ್ವರ ಎಷ್ಟು?" ಎಂದು ಕೇಳುತ್ತಿದ್ದರು.

ಜ್ವರ ಇರಲಿಲ್ಲ. ಹತ್ತು ಅಡಿ, ಹತ್ತು ಅಡಿ ಒಂದು ಇಂಚು, ಮತ್ತೆ ಹತ್ತು ಅಡಿ. ಹದಿನಾಲ್ಕನೇ ತಾರೀಕಿನವರೆಗೆ ಇಪ್ಪತ್ತೆರಡು ಸಲ ಅಳೆದೆ. ವಾಸನೆ ಎಂಬಲ್ಲಿ ಇಪ್ಪತ್ತೆರಡು ಸಲ ‘ಇಲ್ಲ’ ಎಂದು ಬರೆದೆ.

ನಡುವೆ, ಹನ್ನೊಂದರ ಸಂಜೆ, ನಾನು ಟೇಪು ಸುತ್ತುತ್ತಿದ್ದಾಗ ಅಕ್ಕೋರು ಹಿತ್ತಿಲ ಬಾಗಿಲಿಗೆ ಬಂದು, ಮೂರು ದಿನದಿಂದ ಬೇಳೆ ಬೇಯುತ್ತಿಲ್ಲ ಎಂದರು. ಅಂಗಡಿಯವ ಹಳೇ ಬೇಳೆ ದಾಟಿಸಿದ್ದಾನೆ ಎಂದು ಅವರೇ ಬೈದರು. ನಾನು ಹೌದೆಂದೆ. ‘ಇತರೆ’ ಎಂಬ ಕಾಲಮ್ಮಿನಲ್ಲಿ ‘ಬೇಳೆ. ಕೆಲಸಕ್ಕೆ ಸಂಬಂಧವಿಲ್ಲ’ ಎಂದು ಬರೆದೆ. ಆ ದಿನದ ಅಕ್ಷರ ಚೆನ್ನಾಗಿದೆ.

ಹದಿನೈದು ಭಾನುವಾರ. ಭಟ್ಕಳದ ಬದಿಗೆ ಹೆಬಳೆಯಲ್ಲಿರುವ ನಮ್ಮ ಮನೆಗೆ ಹೋಗಿದ್ದೆ. ಊಟದ ಹೊತ್ತಿಗೆ ಹೇಳಲು ಬೇರೆ ಸುದ್ದಿ ಇಲ್ಲದೆ ಅಕ್ಕೋರ ಬೇಳೆಯ ಸುದ್ದಿ ಹೇಳಿದೆ. ಅಮ್ಮ ಬಡಿಸುತ್ತಲೇ, "ಸವಳು ನೀರಲ್ಲಿ ಬೇಳೆ ಬೇಯ್ತದ್ಯಾ?" ಎಂದು ಕೇಳಿದಳು. ಕರಾವಳಿಯಲ್ಲಿ ಹುಟ್ಟಿದವಳು ನಾನು. ಉಪ್ಪುನೀರಲ್ಲಿ ಬೇಳೆ ಬೇಯದು ಎಂದು ನನಗೆ ಗೊತ್ತಿತ್ತು. ಊಟ ಮುಗಿಸಿದೆ. ಎಷ್ಟು ಉಂಡೆನೋ ನೆನಪಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಬಂದು, ಟೇಪು ತೆಗೆಯದೆ, ನೀರು ಸೇದಿ ಬಾಯಿಗೆ ಹಾಕಿದೆ. ಏಳು ಗಂಟೆ ಐದು ನಿಮಿಷ. ಗಂಜಿಗೆ ಹಾಕುವಷ್ಟು ಉಪ್ಪು. ನಮ್ಮ ಪಂಪು ಸಿಹಿನೀರನ್ನು ಹೊಂಡಕ್ಕೆ ಎಳೆದುಕೊಂಡಿತ್ತು, ಆ ಜಾಗಕ್ಕೆ ಕಡಲ ಉಬ್ಬರ ಏರುವ ಹೊಳೆಯ ಉಪ್ಪುನೀರು ಬಂದು ಕೂತಿತ್ತು. ಮಟ್ಟ ಇಳಿಯದಿದ್ದದ್ದು ಅದಕ್ಕೇ.

ಇಂಜಿನಿಯರಿಗೆ ಫೋನ್ ಮಾಡಿದೆ. ಹೊಸ ಟ್ಯಾಂಕನ್ನು ಶನಿವಾರವಷ್ಟೇ ಇಳಿಸಿದ್ದರು. ಸುತ್ತ ಮರಳು ಅರ್ಧ ಮಾತ್ರ ತುಂಬಿತ್ತು. ಈಗ ಪಂಪು ನಿಲ್ಲಿಸಿದರೆ ಟ್ಯಾಂಕು ತೇಲಿ ಪೈಪು ಮುರಿಯುತ್ತದೆ, ಭಾರಕ್ಕೆ ಒಳಗೆ ನೀರು ತುಂಬಿ ಹೊರಗೆ ಮರಳು ಬಿಗಿಯಲು ಇನ್ನೂ ನಾಲ್ಕು ದಿನ ಬೇಕು ಎಂದರು. ನಿಲ್ಲಿಸಲೇಬೇಕೆಂದು ನಾನೂ ಹೇಳಲಿಲ್ಲ.

ಆಮೇಲೆ ಅಕ್ಕೋರ ಮನೆಗೆ ಹೋಗಿ ಎಲ್ಲ ಹೇಳಿದೆ, ಪಂಪು ಇನ್ನೂ ನಾಲ್ಕು ದಿನ ನಿಲ್ಲುವುದಿಲ್ಲ ಎಂಬುದನ್ನೂ. ಅವರು ತಾವೂ ಒಂದು ಗುಟುಕು ಕುಡಿದು ನೋಡಿದರು. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಮಗಳು ಹೇಳಿದಾಗಲೆಲ್ಲ ತಾನು ಉಪ್ಪು ಕಡಿಮೆ ಮಾಡುತ್ತಾ ಬಂದೆ ಎಂದರು. ಲೋಟ ಕೆಳಗಿಟ್ಟು ಕೇಳಿದರು:

"ದಿನಾ ಎರಡು ಸಲ ಬಂದು ಎಂತ ನೋಡ್ತಿದ್ದೆ ತಂಗಿ?"

"ಮಟ್ಟ. ಮತ್ತೆ ವಾಸನೆ."

"ಆತು," ಎಂದು ಒಳಗೆ ಹೋದರು.

ಪಂಪು ನಿಂತದ್ದು ಇಪ್ಪತ್ತನೇ ತಾರೀಕು, ಸಂಜೆ ನಾಲ್ಕೂಕಾಲಿಗೆ. ಬಂಕು ಮತ್ತೆ ತೆರೆಯಿತು. ದಾಖಲೆ ಅಚ್ಚುಕಟ್ಟಾಗಿದೆ ಎಂದು ಗುತ್ತಿಗೆದಾರರು ನನ್ನ ಪುಸ್ತಕವನ್ನು ಬೇರೆ ಕೆಲಸಗಳಿಗೂ ಮಾದರಿ ಮಾಡಿಕೊಂಡರು. ಏಳು ಮನೆಗೆ ಮಳೆಗಾಲದವರೆಗೆ ಟ್ಯಾಂಕರ್ ನೀರು ಬರುತ್ತಿದೆ. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಬಾವಿಯ ನೀರು ಬಾಯಿಗೆ ಹಾಕಿ ನೋಡುತ್ತೇನೆ. ಐದು ಸಲ ಆಯಿತು, ಐದೂ ಸಲ ಉಪ್ಪು. ಅಕ್ಕೋರು ಚಹಾ ಕೊಡುತ್ತಾರೆ. ನಾನು ಕುಡಿಯುತ್ತೇನೆ.

ಈಗ ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿಲ್ಲ. ಮೊದಲ ಮಳೆ ಬಿದ್ದ ಕೂಡಲೇ ಬಾವಿಯ ನೀರನ್ನು ಮೂರು ಸಲ ಪೂರ್ತಿ ತೋಡಿ ಖಾಲಿ ಮಾಡಬೇಕು ಎನ್ನುತ್ತಾರೆ ಬಾಡದ ಪಂಪಿನವರು. ಖಾಲಿ ಮಾಡಿದರೆ ಹೊಳೆ ಮತ್ತೆ ಒಳಗೆ ಬರುತ್ತದೆ, ಮುಟ್ಟದೆ ಮಳೆಗೆ ಬಿಡಬೇಕು ಎನ್ನುತ್ತಾರೆ ಅಕ್ಕೋರ ಅಳಿಯ. ಬರೆದಿಟ್ಟವಳು ನೀನು, ನೀನೇ ಹೇಳು ಎಂದು ಅಕ್ಕೋರು ನನಗೆ ಬಿಟ್ಟಿದ್ದಾರೆ. ನನ್ನ ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ.

ಭಟ್ಕಳ, ಹೊನ್ನಾವರ, ಕುಮಟೆಯ ಹೊಳೆಬದಿಯಲ್ಲಿ ಉಪ್ಪಾದ ಬಾವಿ ಮತ್ತೆ ಸಿಹಿಯಾದದ್ದನ್ನು ಕಂಡವರಿದ್ದರೆ ದಯವಿಟ್ಟು ಬರೆಯಿರಿ. ತೋಡಿದಿರೋ, ಹಾಗೇ ಬಿಟ್ಟಿರೋ, ಎಷ್ಟು ಮಳೆಗಾಲ ಹಿಡಿಯಿತು ಎಂದು ತಿಳಿಸಿ. ಸಿಹಿಯಾಗಲೇ ಇಲ್ಲ ಎಂದಾದರೆ ಅದನ್ನೂ ಬರೆಯಿರಿ. ಮಳೆ ಹಿಡಿಯುವ ಮೊದಲು ಸಿಕ್ಕರೆ ಒಳ್ಳೆಯದು.