ತಂಬೂರಿ ಅಂಗಡಿಯ ಕಂಪ್ಯೂಟರ್

ನಂಬಿದರೂ ಸರಿ, ನಕ್ಕರೂ ಸರಿ. ನಾನು ಕಥೆ ಕಟ್ಟುವವನಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಸಾಂಗಲಿಯಲ್ಲಿ ಕಂಪ್ಯೂಟರ್ ರಿಪೇರಿ ಕಲಿತು, ಸ್ವಂತ ದುಡಿಮೆಯ ಮೇಲೆ ನಿಂತವನು. ಇದು ನನ್ನ ಕಣ್ಣೆದುರೇ ನಡೆದದ್ದು.

ಮಿರಜದಲ್ಲಿ ತಂಬೂರಿ ಮಾಡುವ ಕಾಕಾ ಒಬ್ಬರಿದ್ದಾರೆ. ಒಣಗಿದ ಸೋರೆ ಬುರುಡೆ ಕೊರೆದು ಕಟ್ಟಿಗೆ ಕೂಡಿಸುವುದು ಅವರ ಕೆಲಸ. ತಂತಿಯ ಕೆಳಗಿನ ಕುದುರೆಯನ್ನು ಅರದಿಂದ ಉಜ್ಜಿ ದನಿ ಬಿಡಿಸುವುದು ಅವರ ಅಣ್ಣನದು. ಅಣ್ಣ ತೀರಿಕೊಂಡ ಮೇಲೆ ಕಾಕಾ ಮಾಡಿದ ತಂಬೂರಿಗಳು ದನಿ ಸರಿಯಿಲ್ಲವೆಂದು ಒಂದೊಂದಾಗಿ ಹಿಂದಕ್ಕೆ ಬಂದವು. ಅಣ್ಣ ಮೀಟಿದ ದನಿಯೊಂದು ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಆಗಿ ಉಳಿದಿತ್ತು. ಅದನ್ನು ಕೇಳುತ್ತ ಉಜ್ಜಲು ಕಲಿಯಬೇಕೆನ್ನುವಷ್ಟರಲ್ಲಿ ಕಂಪ್ಯೂಟರೇ ಕೈಕೊಡತೊಡಗಿತು.

ನಾನು ಹೋದಾಗ ಕತ್ತಲಾಗಿತ್ತು. ಮುಂಜಾನೆ ಹೊಸ ತಂಬೂರಿ ಒಯ್ಯಲು ಗಿರಾಕಿ ಬರುವವರಿದ್ದರು.

"ಇದೂ ಹಿಂದಕ್ಕ ಬಂತಂದ್ರ ನಾ ಅಂಗಡಿ ಬಾಗಲಾ ತೆಗ್ಯಾಂವಲ್ಲ, ತಮ್ಮಾ. ಅಣ್ಣನ ದನಿ ಅಷ್ಟು ಉಳಿಸಿ ಕೊಡು."

"ನನ್ನ ಕೈಯಾಗ ಬಂದದ್ದು ಯಾವುದೂ ಕೆಟ್ಟಿಲ್ರಿ ಕಾಕಾ," ಎಂದುಬಿಟ್ಟೆ.

ಕಂಪ್ಯೂಟರಿನ ಡಬ್ಬಿ ತೆರೆದೆ. ಒಳಗೆಲ್ಲ ಕಟ್ಟಿಗೆಯ ಪುಡಿ, ಅರಗಿನ ವಾಸನೆ. ನಾನು ತಂದ ಹೊಸ ಡಿಸ್ಕ್, ಎಸ್‌ಎಸ್‌ಡಿ, ಅಂಗೈಗಿಂತ ಸಣ್ಣದು, ಅದಕ್ಕೆ ಸರಿಹೊಂದುವ ಗೂಡೇ ಆ ಹಳೆಯ ಡಬ್ಬಿಯಲ್ಲಿ ಇಲ್ಲ. ದಾರದಿಂದ ಕಟ್ಟಿದೆ. ಡಿವಿಡಿ ಡ್ರೈವಿನ ಕೇಬಲ್ ಕಿತ್ತು ಇದಕ್ಕೆ ಹಾಕಿದೆ. ಹಳೆಯ ಡಿಸ್ಕಿನಿಂದ ಕಾಪಿ ಹಚ್ಚಿದೆ. ಕಾಕಾ ಒಳಕೋಣೆಯಲ್ಲಿ ಅರ ಹಿಡಿದು, ಬೆನ್ನು ತಿರುಗಿಸಿ ಕೂತರು.

ಸ್ವಲ್ಪ ಹೊತ್ತು ನಡೆಯಿತು. ಆಮೇಲೆ... ಟಕ್... ಟಕ್... ಟಕ್...

ಹಳೆಯ ಡಿಸ್ಕ್ ನಿಂತುಹೋಯಿತು.

ಕೇಬಲ್ ಬದಲಿಸಿದೆ. ಡಿಸ್ಕನ್ನು ಮಗ್ಗುಲಾಗಿ ಇಟ್ಟು ನೋಡಿದೆ, ಬೋರಲು ಹಾಕಿ ನೋಡಿದೆ. ಉಸಿರೇ ಇಲ್ಲ. ಹೊಸದರಲ್ಲಿ ಹುಡುಕಿದೆ, ಬೇಡದ್ದೆಲ್ಲ ಬಂದಿತ್ತು, ಆ ರೆಕಾರ್ಡಿಂಗ್ ಬಂದಿರಲಿಲ್ಲ. ಬಂತೇನು ಎಂದು ಕಾಕಾ ಒಳಗಿಂದ ಕೇಳುತ್ತಲೇ ಇದ್ದರು. ಬರ್ತೈತ್ರಿ, ಬರ್ತೈತ್ರಿ ಎನ್ನುತ್ತ ನಾನು ಬೆವರುತ್ತಿದ್ದೆ. ದೇವರೇ, ಒಂದು ಸಲ ತಿರುಗಲಿ ಎಂದು ಕಬ್ಬಿಣದ ತುಂಡಿನೆದುರು ಕೈ ಮುಗಿದೆ...

ಕೊನೆಗೆ ಗೋಡೆಯಿಂದ ಕಂಪ್ಯೂಟರಿನ ವಾಯರ್ ಕಿತ್ತೆ. ಹೋತ್ರಿ ಎಂದು ಹೇಳಲು ಬಾಯಿ ತೆರೆದೆ.

ಆಗ ದನಿ ಬಂತು.

ಸಣ್ಣಗೆ... ಜೇನು ಹುಳ ಗುಂಯ್‌ಗುಟ್ಟಿದ ಹಾಗೆ... ಬರಬರುತ್ತ ಕೋಣೆ ತುಂಬಿತು.

"ಹಾಂ... ಅದ. ಅಣ್ಣಂದ ದನಿ," ಕಾಕಾ ಒಳಗಿಂದ ಕೂಗಿದರು. "ಬಂದ್ ಮಾಡಬ್ಯಾಡ, ತಮ್ಮಾ."

ವಾಯರ್ ನನ್ನ ಕೈಯಲ್ಲೇ ಇತ್ತು. ಫ್ಯಾನು ನಿಂತಿತ್ತು, ಪರದೆ ಕಪ್ಪಾಗಿತ್ತು. ಹೊರಗೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಗೋಡೆಗೆ ತೂಗುಹಾಕಿದ್ದ, ಇನ್ನೂ ತಂತಿಯನ್ನೇ ಕಾಣದ ಬುರುಡೆಗಳಲ್ಲಿ ಒಂದರ ಮೇಲೆ ಬೆರಳಿಟ್ಟೆ.

ಅದು ನಡುಗುತ್ತಿತ್ತು. ಮುಟ್ಟಿದರೆ ಬೆಚ್ಚಗಿತ್ತು...

ಓಡಬೇಕೆನಿಸಿತು. ಆದರೆ ಒಳಗೆ ಅರ ಉಜ್ಜುವ ಸದ್ದು ಶುರುವಾಗಿತ್ತು. ಉಜ್ಜುವುದು, ಮೀಟುವುದು, ಮತ್ತೆ ಉಜ್ಜುವುದು. ನಾನು ಅಲ್ಲಾಡಿದರೆ ದನಿ ನಿಂತೀತು ಎಂದು ಅಲ್ಲೇ ನಿಂತೆ. ಕಾಕಾನ ತಂತಿಯ ದನಿ ಆ ದನಿಯೊಳಗೆ ಕೂಡಿ ಒಂದಾದ ಗಳಿಗೆಗೆ ಗೋಡೆಯ ಬುರುಡೆಗಳು ನಡುಕ ನಿಂತು ತಣ್ಣಗಾದವು.

ಮುಂಜಾನೆ ಗಿರಾಕಿ ಬಂದು ಮೀಟಿ ನೋಡಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ರೊಕ್ಕ ಎಣಿಸಿಟ್ಟು ತಂಬೂರಿ ಎತ್ತಿಕೊಂಡು ಹೋದರು.

ಕಾಕಾ ನನ್ನ ಎರಡೂ ಕೈ ಹಿಡಿದರು. "ಅಂಗಡಿ ಉಳಿಸಿದಿ, ತಮ್ಮಾ. ಇನ್ನೂ ಎರಡು ತಯಾರ ಅದಾವು. ಸಂಜಿಗೆ ಬಾ. ರಾತ್ರಿ ಹಚ್ಚಿದಿಯಲ್ಲಾ, ಹಂಗ ಹಚ್ಚು."

ನಾನು ಮಾಡದ ಕೆಲಸಕ್ಕೆ ಎಂದೂ ಶಾಬಾಸ್‌ಗಿರಿ ತೆಗೆದುಕೊಂಡವನಲ್ಲ. ಆದರೆ ಅವರ ಮುಖ ನೋಡಿ ಹೂಂ ಎಂದುಬಿಟ್ಟೆ.

ಈಗ ಸಂಜೆಯಾಗಿದೆ. ಮೊಬೈಲಿನಲ್ಲಿ ಕಾಕಾನ ಹೆಸರು ಮತ್ತೆ ಮತ್ತೆ ಬರುತ್ತಿದೆ. ಹೋಗಿ ಏನು ಹಚ್ಚಲಿ?