ಮಿಸ್ತ್ರಿಯ ಹಳದಿ ಗೆರೆ

ಮಿಸ್ತ್ರಿಯ ಕಿವಿಯ ಮೇಲೆ ಸದಾ ಒಂದು ಸಣ್ಣ ಕಡ್ಡಿ ಇರುತ್ತಿತ್ತು, ತುದಿಗೆ ಹಳದಿ ಮೆತ್ತಿದ್ದು. ಎಡಗಿವಿಯೋ ಬಲಗಿವಿಯೋ, ಈಗ ಆಣೆ ಮಾಡಿ ಹೇಳಲಾರೆ. ಅವರ ಬಗ್ಗೆ ನನಗಿರುವ ನೆನಪಿನಲ್ಲಿ ನಿಜ ಎಷ್ಟು, ನನ್ನ ಅನುಕೂಲಕ್ಕೆ ನಾನೇ ತಿದ್ದಿಕೊಂಡದ್ದು ಎಷ್ಟು ಎಂಬುದೂ ಬಹಳ ವರ್ಷ ಸ್ಪಷ್ಟವಿರಲಿಲ್ಲ. ಅದರಲ್ಲೂ ಒಂದು ಸಂಗತಿ: ಕಾಕಾನ ಲಾರಿಯ ಎಂಜಿನ್ನಿನ ಬೋಲ್ಟುಗಳನ್ನು ನಾನು ತಿರುವಿದ್ದು ಅದು ಹೊಗೆ ಎಬ್ಬಿಸುವ ಮೊದಲೋ, ಆಮೇಲೋ.

ರಾಯಬಾಗದ ಹೊರಗೆ, ಕಬ್ಬಿನ ಗಾಡಿಗಳು ತಿರುಗುವ ರಸ್ತೆಯ ಪಕ್ಕ ಲಾರಿ ರಿಪೇರಿಯ ಅವರ ತಗಡಿನ ಶೆಡ್ಡು. ಅವರ ಹುಟ್ಟೂರು ನಿಪ್ಪಾಣಿ, ಬೀಡಿ ತಂಬಾಕಿನ ಊರು. ಕಿವಿಯ ಮೇಲಿನ ಕಡ್ಡಿಯನ್ನು ಬೀಡಿ ಎಂದುಕೊಂಡು ಡ್ರೈವರುಗಳು ಕೈ ಚಾಚುತ್ತಿದ್ದರು. "ನಿಪ್ಪಾಣಿಯಾಂವ ಬೀಡಿ ಸೇದತಾನೇನ್ರೋ? ನಮ್ಮವ್ವ ಜನ್ಮಪೂರ್ತಿ ಬೀಡಿ ಕಟ್ಟ್ಯಾಳ. ಆ ವಾಸನಿ ಬಂದ್ರ ನನಗ ಊಟ ಸೇರಂಗಿಲ್ಲ" ಎನ್ನುತ್ತಿದ್ದರು ಮಿಸ್ತ್ರಿ. ಯಾವ ರಿಪೇರಿಯನ್ನೂ ಅವರು 'ಆಯ್ತು' ಎಂದವರಲ್ಲ. ಎಂಜಿನ್ ಒರೆಸಿ, ಚಾಲೂ ಮಾಡಿ, ಬಗ್ಗಿ ನೋಡಿ, "ಸದ್ಯಕ್ಕ ಸೋರಂಗಿಲ್ಲ" ಎಂದಷ್ಟೇ ಹೇಳುವರು. ಸಂಶಯ ಪಡುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತುಬಂದ ನನಗಿಂತ ಅವರೇ ದೊಡ್ಡ ಸಂಶಯವಾದಿ ಎಂದು ಆಗ ಹೊಳೆಯಲಿಲ್ಲ.

ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ ಧಾರವಾಡದಲ್ಲಿ ಸಂಶೋಧನೆಗೆ ಸೇರಿದ್ದೆ. ರಜೆಗೆ ಕಾಕಾನ ಮನೆಗೆ ಬಂದರೆ ನಾನು ಕೂರುತ್ತಿದ್ದುದು ಆ ಶೆಡ್ಡಿನಲ್ಲೇ, ಮಗುಚಿ ಹಾಕಿದ ಗಾಲಿಯ ರಿಮ್ಮಿನ ಮೇಲೆ. ಕೆಲಸ ಸಿಗುವುದಕ್ಕೂ ಮೊದಲೇ ಮಿಸ್ತ್ರಿ ನನ್ನನ್ನು ಮಾಸ್ತರ ಎಂದು ಕರೆದರು. ಮೊದಲ ಚಹಾದ ಕಪ್ಪು ನನಗೇ ಬರುತ್ತಿತ್ತು.

ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ನಡೆದಿತ್ತು. ಕಾಕಾನ ಲಾರಿಯ ಟ್ಯಾಪೆಟ್ ಕವರಿನಿಂದ, ಅಂದರೆ ಎಂಜಿನ್ನಿನ ತಲೆಯ ಮೇಲೆ ಕೂರುವ ಉದ್ದನೆಯ ಮುಚ್ಚಳದ ಅಂಚಿನಿಂದ, ಎಣ್ಣೆ ಜಿನುಗುತ್ತಿತ್ತು. ಮಿಸ್ತ್ರಿ ಕವರ್ ಬಿಚ್ಚಿ, ಅಂಚಿನ ಸಂದಿ ಮುಚ್ಚುವ, ಸುಟ್ಟು ಕಲ್ಲಾಗಿದ್ದ ಹಳೆಯ ಪ್ಯಾಕಿಂಗನ್ನು ಮೊಂಡ ಗರಗಸದ ಅಲಗಿನಿಂದ ಕೆರೆದು ಕೆರೆದು ತೆಗೆದರು. ಡೀಸೆಲ್ಲಿನಿಂದ ತೊಳೆದರು. ಅಂಚನ್ನು ಕಣ್ಣಿಗಿಂತ ಹೆಚ್ಚಾಗಿ ಉಗುರಿನಿಂದ ನೋಡಿದರು. ಹೊಸ ಕಾರ್ಕ್ ಪ್ಯಾಕಿಂಗ್ ಕೂರಿಸಿ, ಆರು ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ, ಒಂದನ್ನು ಅಷ್ಟು, ಎದುರಿನದನ್ನು ಅಷ್ಟು ತಿರುವುತ್ತ ಹೋದರು. ಪಾನಾದ, ಅಂದರೆ ಸ್ಪ್ಯಾನರಿನ, ಮೇಲೆ ಎರಡೇ ಬೆರಳು. ಮೆಲ್ಲಗೆ ಎನ್ನಲು ಬಾಯಲ್ಲಿ ಮರಾಠಿ: "ಹಳೂ, ಹಳೂ."

"ಇಷ್ಟ ಸಡಲ ಬಿಟ್ರ ನಡೀತೈತೇನ್ರಿ?" ಎಂದೆ.

"ಕಾರ್ಕ ಅಂದ್ರ ಹಸಿ ರೊಟ್ಟಿ ಇದ್ದಂಗ, ಮಾಸ್ತರ. ಭಾಳ ಅದುಮಿದ್ರ ಹರೀತೈತಿ. ಕವರೂ ಬಗ್ಗತೈತಿ."

ಆಮೇಲೆ ಕಿವಿಯ ಮೇಲಿನ ಕಡ್ಡಿ ತೆಗೆದು, ಒಂದು ಸಣ್ಣ ಡಬ್ಬಿಯಲ್ಲಿ ಅದ್ದಿ, ಪ್ರತಿ ಬೋಲ್ಟಿನ ತಲೆಯಿಂದ ಕವರಿನ ಮೇಲಕ್ಕೆ ಒಂದೊಂದು ಹಳದಿ ಗೆರೆ ಎಳೆದರು. ಹೊಸ ಗಾಡಿಗೆ ಅರಿಶಿಣ ಕುಂಕುಮ ಹಚ್ಚಿ ಲಿಂಬೆಹಣ್ಣು ಕಟ್ಟುವುದನ್ನು ನೋಡುತ್ತಲೇ ಬೆಳೆದವನು ನಾನು. ನಗು ಬಂತು.

"ಬೋಲ್ಟಿಗೂ ಅರಿಶಿಣ ಏನ್ರಿ?"

ಅವರೂ ನಕ್ಕರು. "ಹೌದ್ರಿ, ನಿಮ್ಮಂಥಾ ಶ್ಯಾಣ್ಯಾರ ದೃಷ್ಟಿ ಆಗಬಾರದಲ್ಲ." ಲಾರಿ ಹೊರಡುವಾಗ ಕಾಕಾನಿಗೆ ಹೇಳಿದರು: "ಅಣ್ಣಾರ, ಎರಡ ದಿನ ಓಡಸ್ರಿ. ಆಮ್ಯಾಲೆ ನಾನ ನೋಡ್ತೀನಿ. ಅಲ್ಲೀತನಕ ಯಾರೂ ಕೈ ಹಚ್ಚಬ್ಯಾಡ್ರಿ."

ಮರುದಿನ ಹಾರೂಗೇರಿ ರಸ್ತೆಯಲ್ಲಿ ಲೋಡಾದ ಲಾರಿ ನಿಂತಿತು. ಎಣ್ಣೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಸುರಿದು ಕ್ಯಾಬಿನ್ ತುಂಬ ಹೊಗೆ. ಡ್ರೈವರು ಕೆಳಗೆ ಹಾರಿ ಮೊಣಕಾಲು ತರಚಿಕೊಂಡ. ಬೈಕಿನಲ್ಲಿ ಹೋಗಿ, ಬಾನೆಟ್ ತೆರೆದೊಡನೆ ಮೊಬೈಲಿನಲ್ಲಿ ಫೋಟೋ ತೆಗೆದೆ. ಸಾಕ್ಷಿ ಬೇಕು ಎನ್ನುವ ಪಾಠ ಕಲಿತವನಲ್ಲವೇ.

ಆ ಸಂಜೆ ಶೆಡ್ಡಿನ ಮುಂದೆ ಏಳೆಂಟು ಲಾರಿಗಳ ಮಾಲೀಕರು ಚಹಾ ಕುಡಿಯುತ್ತ ನಿಂತಿದ್ದರು. ಅವರಿಗೆ ಈ ಮಿಸ್ತ್ರಿಯನ್ನು ತೋರಿಸಿಕೊಟ್ಟವನೇ ಕಾಕಾ.

"ಏನ ಕೆಲಸ ಮಾಡೀಯೋ ಇದು? ಗಾಡಿ ಸುಟ್ಟಹೋಗತಿತ್ತಲ್ಲೋ" ಎಂದ ಕಾಕಾ.

ನಾನು ಫೋಟೋ ಮುಂದೆ ಹಿಡಿದೆ. "ಯಾರೂ ಕೈ ಹಚ್ಚೂಕಿಂತ ಮೊದಲ ತಗದೇನಿ, ನೋಡ್ರಿ." ಈ ಮಾತು ಮಾತ್ರ ಅಕ್ಷರಶಃ ನೆನಪಿದೆ. ನನ್ನ ದನಿಯ ಗತ್ತು ಕೂಡ.

ಮಿಸ್ತ್ರಿ ಮೊಬೈಲು ತೆಗೆದುಕೊಂಡು ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದರು. ಬಹಳ ಹೊತ್ತು ನೋಡಿದರು. ಒಮ್ಮೆ ನನ್ನ ಮುಖ ನೋಡಿದರು. ಮೊಬೈಲು ತಿರುಗಿ ಕೊಟ್ಟು, "ಹೌದ್ರಿ ಅಣ್ಣಾರ. ನನ್ನ ಕೈ ತಪ್ಪೇತಿ" ಎಂದರು.

"ಮಿಸ್ತ್ರಿಗೆ ವಯಸ್ಸಾತು ಬಿಡ್ರಿ" ಎಂದು ಯಾರೋ ನಕ್ಕರು. ಪರದೆಯ ಮೇಲಿನ ಎಣ್ಣೆಯ ಬೆರಳಚ್ಚನ್ನು ನಾನು ಕರವಸ್ತ್ರದಿಂದ ಒರೆಸಿದೆ.

ಕಾಕಾನ ಲಾರಿ ಮತ್ತೆ ಅಲ್ಲಿಗೆ ಹೋಗಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಅಥಣಿಯ ಗ್ಯಾರೇಜುಗಳ ಕಡೆ ಹೊರಳಿದರು. ಮುಂದಿನ ಹಂಗಾಮಿಗೆ ಶೆಡ್ಡಿನ ತಗಡು ಇರಲಿಲ್ಲ. ಮಿಸ್ತ್ರಿ ನಿಪ್ಪಾಣಿಗೆ ಹೋದರಂತೆ, ಯಾರದೋ ಗ್ಯಾರೇಜಿನಲ್ಲಿ ಕೂಲಿಗೆ ನಿಂತರಂತೆ.

ಆ ಬೋಲ್ಟುಗಳನ್ನು ನಾನು ತಿರುವಿದ್ದೆ. ಅದನ್ನು ಎಂದೂ ಮರೆತಿಲ್ಲ. ಪಾನಾದ ಹಿಡಿಗೆ ಪೈಪು ತೂರಿಸಿ, ಮೈಭಾರ ಹಾಕಿ ತಿರುವಿದ್ದೆ. ಬಿಗಿ ಹೆಚ್ಚಿದಷ್ಟೂ ಸೋರಿಕೆ ಕಡಿಮೆ ಎಂಬ ಲೆಕ್ಕ ನನ್ನದು. ಆದರೆ ಅದು ಹಾರೂಗೇರಿ ರಸ್ತೆಯ ಮೇಲೆ, ಹೊಗೆ ನಿಂತ ಮೇಲೆ, ಲಾರಿಯನ್ನು ಹೇಗಾದರೂ ಮನೆ ಮುಟ್ಟಿಸಲಿಕ್ಕೆ ಮಾಡಿದ್ದು ಎಂದು ನಂಬಿಕೊಂಡು ಬಂದೆ. ಬಿಸಿಲು, ರಸ್ತೆಬದಿಯ ಧೂಳು, ಡ್ರೈವರನ ಬೈಗುಳ, ಎಲ್ಲವೂ ಆ ನೆನಪಿನಲ್ಲಿ ಚೊಕ್ಕಟವಾಗಿದ್ದವು. ಒಮ್ಮೊಮ್ಮೆ ಮಾತ್ರ ಬೇರೆಯದೇ ಒಂದು ಚಿತ್ರ ಬರುತ್ತಿತ್ತು: ಕಾಕಾನ ಅಂಗಳ, ಬೆಳಗಿನ ತಂಪು, ಕವರಿನ ಅಂಚಿನಲ್ಲಿ ಎಣ್ಣೆಯ ಒಂದು ಹನಿ, ನನ್ನ ಕೈಯಲ್ಲಿ ಪಾನಾ. ಅದನ್ನು ಕನಸೆಂದು ತಳ್ಳಿಬಿಡುತ್ತಿದ್ದೆ.

ಹೋದ ವರ್ಷ ಮಿಸ್ತ್ರಿ ತೀರಿಕೊಂಡ ಸುದ್ದಿ ಬಂತು. ತಡವಾಗಿ ನಿಪ್ಪಾಣಿಗೆ ಹೋದೆ. ಅವರ ಮಗ ಹೆದ್ದಾರಿಯ ಪಕ್ಕ ಒಂದು ಲಾರಿಯ ಗಾಲಿಯ ನಟ್ಟುಗಳನ್ನು ಬಿಗಿಮಾಡುತ್ತಿದ್ದ. ನನ್ನ ಗುರುತು ಅವನಿಗಿರಲಿಲ್ಲ. ಬಿಗಿ ಮುಗಿಸಿ, ಕಿವಿಯ ಮೇಲಿಂದ ಕಡ್ಡಿ ತೆಗೆದು ಪ್ರತಿ ನಟ್ಟಿನ ಮೇಲೆ ಹಳದಿ ಗೆರೆ ಎಳೆದ.

"ಅಪ್ಪನ ಹಂಗ ನೀವೂ ಅರಿಶಿಣ ಹಚ್ಚತೀರಿ" ಎಂದೆ.

"ಅರಿಶಿಣ ಅಲ್ರೀ ಸರ, ಪೇಂಟ್. ಎರಡೂ ಕಡೆ ಗೆರಿ ಕೂಡಿದ್ರ ನಾ ಬಿಟ್ಟಂಗ ಐತಿ ಅಂತ. ಸಡಲ ಆದ್ರ, ಇಲ್ಲಾ ಯಾರರೆ ತಿರುವಿದ್ರ, ಗೆರಿ ಮುರೀತೈತಿ. ನೋಡಿದ ಕೂಡ್ಲೆ ಗೊತ್ತಾಕ್ಕೈತಿ."

ನೋಡಿದ ಕೂಡಲೇ ಗೊತ್ತಾಗುತ್ತದೆ. ಮಿಸ್ತ್ರಿ ಅಂದು ಬಹಳ ಹೊತ್ತು ನೋಡಿದ್ದರು. ತಪ್ಪು ನನ್ನದಿದ್ದೀತು ಎಂದು ಹೇಳಲು ಹೋಗಿದ್ದೆ; ಮಗನಿಗೆ ಹೇಳಲಾಗಲಿಲ್ಲ. ಅವನು ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದೆ. ಅವರು ಯಾಕೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು ಎಂದು ಆವತ್ತಿನಿಂದ ಯೋಚಿಸುತ್ತಿದ್ದೇನೆ. ಕಾಕಾನ ಮುಂದೆ ನನ್ನ ಮಾನ ಹೋಗಬಾರದೆಂದೋ, ಓದಿದವನ ಮಾತಿನೆದುರು ತಮ್ಮ ಮಾತು ನಿಲ್ಲದೆಂದೋ. ಮೊದಲನೆಯದಾಗಿದ್ದರೆ ನಾನು ಚಿಕ್ಕವನು. ಎರಡನೆಯದಾಗಿದ್ದರೆ ಇನ್ನೂ ಚಿಕ್ಕವನು.

ಹಳೆಯ ಮೊಬೈಲನ್ನು ಕಪಾಟಿನಿಂದ ಹುಡುಕಿ ತೆಗೆದು, ಚಾರ್ಜ್ ಮಾಡಿ, ರಸ್ತೆಯಲ್ಲಿ ಯಾರೂ ಕೈ ಹಚ್ಚುವ ಮೊದಲು ತೆಗೆದ ಆ ಫೋಟೋ ತೆರೆದೆ. ಅವರಂತೆಯೇ ಎರಡು ಬೆರಳಿನಿಂದ ದೊಡ್ಡದು ಮಾಡಿದೆ. ಎಣ್ಣೆಯ ಕೆಳಗೂ ಹಳದಿ ಕಾಣುತ್ತದೆ. ಐದು ಬೋಲ್ಟುಗಳ ಗೆರೆ ಮುರಿದಿದೆ, ಐದೂ ಬಿಗಿಯ ಕಡೆಗೆ. ಹಿಂದಿನ ಮೂಲೆಯ ಆರನೆಯದಕ್ಕೆ ಪೈಪು ತೂರಿಸಿದ ನನ್ನ ಪಾನಾ ಎಟುಕಿರಲಿಲ್ಲ; ಅದರ ಗೆರೆ ಕೂಡಿಕೊಂಡೇ ಇದೆ.